ಚುಕ್ಕೆಯಲ್ಲ, ಗೆರೆ

ಸಿದ್ದಾಪುರದ ಬಸ್ ಸ್ಟ್ಯಾಂಡಿನ ಎದುರು
ಏಣಿ ಹಿಡಿದು ನಿಂತಿದ್ದೇನೆ, ನಲವತ್ತಾರರಲ್ಲಿ
ಎಂಟು ವರ್ಷದವಳ ಹಾಗೆ.
ಮೇಲೆ ಅಪ್ಪ, ಪೈಂಟರ್ ಲಾಜರ್.
ಒಂದು ಕಣ್ಣಿಗೆ ಪೊರೆ,
ಒಂದು ಕೈಯಲ್ಲಿ ಸೀಮೆಎಣ್ಣೆಯ ಬಟ್ಟೆ.
ಟಾರು ಬಿಡುತ್ತಿಲ್ಲ.

ಈ ಬೋರ್ಡನ್ನು ನಾನು ಬ್ರಸೆಲ್ಸಿನಲ್ಲೇ ನೋಡಿದ್ದೆ,
ರಾತ್ರಿ ಪಾಳಿ ಮುಗಿಸಿ, ಟ್ರಾಮಿನಲ್ಲಿ, ಫೋನಿನೊಳಗೆ:
ಹತ್ತು ಹುಡುಗರು, ಒಂದು ಬಕೆಟ್ಟು, ಒಂದು ಘೋಷಣೆ.
ವಾರ್ಡಿನಲ್ಲಿ ತೋರಿಸಿದರೆ ಜೊತೆಯ ನರ್ಸು ಹಿಲ್ಡೆ
ಆಶ್ಚರ್ಯವನ್ನೇ ಪಡಲಿಲ್ಲ.
ಅವಳೂರ ಫಲಕಗಳಲ್ಲೂ
ಫ್ರೆಂಚ್ ಹೆಸರಿನ ಮೇಲೆ ಕಪ್ಪು ಬಣ್ಣ.
"ನನ್ನಣ್ಣನೇ ಬಳಿದದ್ದು," ಅಂದಳು.
"ನಮ್ಮ ಮುತ್ತಜ್ಜ ತನಗೆ ತಿಳಿಯದ ಭಾಷೆಯಲ್ಲಿ
ತನ್ನ ಶಿಕ್ಷೆ ಕೇಳಿಸಿಕೊಂಡವನು.
ಅಣ್ಣ ಮರೆಯುವುದಿಲ್ಲ."
ಆಮೇಲೆ ಆರನೆಯ ಹಾಸಿಗೆಯ ಮುದುಕನಿಗೆ
ಫ್ರೆಂಚಿನಲ್ಲೇ ಸಮಾಧಾನ ಹೇಳಿ ಸೂಜಿ ಚುಚ್ಚಿದಳು.

ಅಲ್ಲಿಯವರು ಕೇಳುತ್ತಾರೆ: ಏನಾಗುತ್ತಿದೆ ನಿಮ್ಮ ಇಂಡಿಯಾದಲ್ಲಿ?
ಯಾವುದನ್ನು ಹೇಳಲಿ?
ಅಡುಗೆಮನೆಯಲ್ಲಿ ತಮಿಳು, ಜಪಸರಕ್ಕೆ ಕೊಂಕಣಿ, ಶಾಲೆಗೆ ಕನ್ನಡ,
ಆಚೆಮನೆ ಕುಂಞಾಮಿನಳ ಜೊತೆ ಜಗಳಕ್ಕೆ ಮಲಯಾಳ,
ತೋಟದ ಸಾವುಕಾರರು ಎದುರಾದರೆ
ಬಾಯಿಗೆ ಬಂದಷ್ಟು ಕೊಡವ ತಕ್ಕ್.
ಇದನ್ನು ಯಾರೂ ಸಹಿಷ್ಣುತೆ ಎನ್ನಲಿಲ್ಲ.
ಸಂತೆ ಎಂದರು.

ಆ ಮಾತನ್ನು ಅಪ್ಪ ಬರೆದದ್ದು ಒಂದೇ ಸಲ,
ಸರ್ವಪಕ್ಷ ಶಾಂತಿಸಭೆಯ ಬಟ್ಟೆಗೆ.
ಸ, ಹಿ ದೊಡ್ಡದಾಗಿ ಬಂದವು.
ಷ್ಣುವಿನ ಒತ್ತು, ಕೊಂಬು ಇದ್ದ ಜಾಗ ತಿಂದು
ತೆ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತಿತು.
ಸಭೆಯಲ್ಲಿ ಯಾರೂ ಗಮನಿಸಲಿಲ್ಲ.
ದುಡ್ಡನ್ನೂ ಯಾವ ಪಕ್ಷವೂ ಕೊಡಲಿಲ್ಲ.

ನನಗೆ ಆ ಪದವೇ ಆಗದು.
ಹಲ್ಲುನೋವನ್ನು ಸಹಿಸುತ್ತೇವೆ, ಜಿಗಣೆಯನ್ನು,
ಬಾರದ ಬಸ್ಸನ್ನು.
ಅಪ್ಪನದು ಬೇರೆಯೇ ಪದ್ಧತಿ:
ಓದಲು ಬರುವ ಅಕ್ಷರವನ್ನು ಬೀಡಿ ಕಚ್ಚಿಕೊಂಡೇ ಬರೆಯುವನು,
ಓದಲು ಬಾರದ್ದಕ್ಕೆ ಬೀಡಿ ಆರಿಸುವನು.
"ತಪ್ಪಿದರೆ ನನಗೇ ಗೊತ್ತಾಗುವುದಿಲ್ಲವಲ್ಲ, ಮಗಳೇ."

ಉತ್ತಯ್ಯ ಮಾಸ್ತರು ಕೊಡೆ ಮಡಚಿ ನಿಂತರು.
"ನಮಗೂ ಒಂದು ರಾಜ್ಯವಿತ್ತು ಮಾರಾಯ್ತಿ,
ಇಪ್ಪತ್ನಾಲ್ಕು ಕುರ್ಚಿಯ ವಿಧಾನಸಭೆ.
ಐವತ್ತಾರರಲ್ಲಿ ಒಂದು ಬೆಳಿಗ್ಗೆ ಎದ್ದರೆ, ಬರೀ ಜಿಲ್ಲೆ."
ದನಿಯಲ್ಲಿ ದ್ವೇಷವಿರಲಿಲ್ಲ.
ಒಲೆ ಕಿತ್ತ ಜಾಗದಲ್ಲಿ ಉಳಿಯುವ ಬಿಸಿಯಂಥದೇನೋ ಇತ್ತು.
ಅದಕ್ಕೆ ನಾನು ನಗಲಾರೆ.
"ಟಾರು ಹಾಕಿದ್ದು ಮಾತ್ರ ನಮ್ಮವರಲ್ಲ," ಎಂದರು.
ಸ್ವಲ್ಪ ತಡೆದು,
"ಒಬ್ಬ ಇದ್ದ. ನನ್ನ ಶಿಷ್ಯ.
ಕಾಗುಣಿತ ಬಾರದವ."

ಅಂಗಡಿಯ ರೊಫಿಕುಲ್ ಚಹಾ ತಂದ.
ಕಾಫಿ ಕೊಯ್ಲಿಗೆಂದು ಬಾರ್ಪೇಟಾದಿಂದ ಬಂದವನು,
ಈಗ ರೀಚಾರ್ಜು, ಚಾರ್ಜರು, ತಣ್ಣಗಾದ ಸಮೋಸ.
ಅವನ ಹೆಸರನ್ನು ಬಂಗಾಳಿಯೆಂದು ಹುಡುಗರು ಬಳಿದಿದ್ದರು.
"ಅವರ ರಕಾರಕ್ಕೆ ಅಡಿಯಲ್ಲಿ ಚುಕ್ಕೆ ಅಕ್ಕ,
ನಮ್ಮದಕ್ಕೆ ಹೊಟ್ಟೆಯಲ್ಲಿ ಗೆರೆ.
ನಮ್ಮೂರಲ್ಲಿ ಅಷ್ಟಕ್ಕೇ ತಲೆ ಒಡೆದಿದ್ದಾರೆ."
ಮೊದಲ ಸಲ ಅಪ್ಪ ಚುಕ್ಕೆ ಇಟ್ಟಿದ್ದನಂತೆ.
ಇವನೇ ಏಣಿ ಹತ್ತಿ, ಅಳಿಸಿ, ಗೆರೆ ಎಳೆಸಿದ್ದನಂತೆ.
ಹೇಳುವಾಗ ಅವನ ಎದೆ ಉಬ್ಬಿತ್ತು,
ಬಕೆಟ್ಟು ಹಿಡಿದವರ ಎದೆಯ ಹಾಗೇ.

ಸೀಮೆಎಣ್ಣೆ ಮುಗಿಯಿತು. ಅಪ್ಪ ಇಳಿದ. ಕೈ ನಡುಗುತ್ತಿತ್ತು.
"ನೀನು ಹತ್ತು."
ಹತ್ತಿದೆ. ಬಾಯಲ್ಲಿದ್ದ ಪೆಪ್ಪರ್‌ಮೆಂಟು ಉಗಿದು
ಓದಲು ಬಾರದ ಅಕ್ಷರದ ಹೊಟ್ಟೆಗೆ ಕುಂಚ ಇಟ್ಟೆ.
ಕೆಳಗಿನಿಂದ ಮೂವರೂ ಮೂರು ಬಗೆಯಲ್ಲಿ
ಎಡಕ್ಕೆ, ಇನ್ನೂ ಎಡಕ್ಕೆ ಎಂದರು.
ಗೆರೆ ಸೊಟ್ಟಗೆ ಬಂತು.
ಕೆಂಪಿನಡಿಯಿಂದ ಟಾರು ಇಣುಕುತ್ತಲೇ ಇತ್ತು.

"ಸಾಕಾ?"

ರೊಫಿಕುಲ್ ರಸ್ತೆಯ ಆಚೆಗೆ ಹೋದ,
ವಿರಾಜಪೇಟೆ ಬಸ್ಸು ದಾಟುವವರೆಗೆ ಕಾದ,
ಕಣ್ಣು ಕಿರಿದು ಮಾಡಿ ನೋಡಿದ.
"ಓದಬಹುದು," ಎಂದ.